ಎಂಟು ದಿನದ ಹಾಲು

ಹೋದ ತಿಂಗಳು ಒಂದು ಬೆಳಿಗ್ಗೆ ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ ರಪ್ಪನೆ ಮೂಗಿಗೆ ಬಡಿಯಿತು. ನೈರೋಬಿಯ ಏಪ್ರಿಲ್ ಮಳೆ ಕಿಲಿಮಾನಿಯ ನಮ್ಮ ಐದನೇ ಮಹಡಿಯ ಮನೆಯನ್ನೂ ಬಿಡುವುದಿಲ್ಲ. ಅತ್ತೆಯವರು ಮೈಸೂರಿನಲ್ಲಿ ಮುಂದೆ ನಿಂತು ಬೀಸಿಸಿ ಕಳಿಸಿದ ಹಿಟ್ಟು ಅದು, ಇನ್ನೂ ಅರ್ಧ ಡಬ್ಬ ಇತ್ತು. ಹಿಂದೆ ಮುಂದೆ ನೋಡದೆ ಅಷ್ಟನ್ನೂ ಪೇಪರಿಗೆ ಸುರಿದು ಕಟ್ಟಿ ಕಸದ ಬುಟ್ಟಿಗೆ ಹಾಕಿದೆ.

"ಅಯ್ಯೋ, ಏನೇ ಮಾಡ್ತಿದೀಯ?" ಗಿರೀಶ್ ಕಾಫಿ ಲೋಟ ಹಿಡಿದು ಓಡಿ ಬಂದರು. "ಜರಡಿ ಹಿಡ್ದು ಬಿಸಿಲಿಗಿಟ್ಟಿದ್ರೆ ಸರಿಹೋಗ್ತಿತ್ತಲ್ವಾ? ಅಮ್ಮ ಅಷ್ಟು ದೂರದಿಂದ ಕಳ್ಸಿದ್ದು."

"ಬಿಸಿಲಿಗಿಟ್ರೆ ವಾಸನೆ ಹೋಗುತ್ತೆ, ವಿಷ ಹೋಗಲ್ಲ. ಸುಮ್ನಿರ್ರೀ."

ನನ್ನ ಬಾಯಿ ಸ್ವಲ್ಪ ಜೋರು, ಅದು ಅವರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಆದರೆ ಅವತ್ತು ಅವರು ತಿರುಗಿ ಮಾತಾಡದೆ ಹೋದದ್ದು ನನ್ನ ಬಾಯಿಗೆ ಹೆದರಿ ಅಲ್ಲ. ಆ ವಾಸನೆ ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತದೆ ಎಂಬುದು ಈ ಊರಿನಲ್ಲಿ ಅವರೊಬ್ಬರಿಗೇ ಗೊತ್ತು.

ಅದಾದ ಮೂರನೇ ದಿನ ಲಿಮುರು ಕಡೆಯ ಹಳ್ಳಿಯಿಂದ ಮಾಮಾ ವಾಂಜಿಕುಳ ಫೋನ್ ಬಂತು. ಅಪ್ಪರ್ ಹಿಲ್‌ನ ಆಸ್ಪತ್ರೆಯೊಂದರಲ್ಲಿ ಅವರ ಊರಿನ ಹಿರಿಯರು, ಮ್ಜೇ ಎರ್ವಿನ್, ತೀರಿಕೊಂಡರು. ಶನಿವಾರ ಮಣ್ಣು. "ಹೂವು ತರಬೇಡ. ಎಲ್ಲರೂ ಒಂದೊಂದು ಹಿಡಿ ಜೋಳ ತರಲಿ ಅಂತ ಹೇಳಿ ಹೋಗಿದ್ದಾರೆ. ಇನ್ನೊಂದು ಮಾತು. ಆ ಮಳೆಗಾಲದ ಬಗ್ಗೆ ಯಾರಾದರೂ ಮಾತಾಡುವುದಾದರೆ ಮಾಮಾ ನಿಧಿ ಮಾತಾಡಲಿ ಅಂದಿದ್ದಾರೆ," ಎಂದಳು. ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುತ್ತಾರೆ. ಮಾಮಾ ನಿಧಿ ಅಂದರೆ ನಾನು. ಫೋನಿಟ್ಟು ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟೆ.

ಆ ಮಳೆಗಾಲಕ್ಕೆ ಈಗ ಆರು ವರ್ಷ. ಆಗ ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಒಂದು ಸಣ್ಣ ಮೊಸರು-ಪನೀರ್ ಕಾರ್ಖಾನೆಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಹಾಲಿನ ಕೆಲಸ ನನಗೆ ಹುಟ್ಟಿನಿಂದ ಬಂದದ್ದು. ನಮ್ಮಪ್ಪ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಡೈರಿ ಸೆಕ್ರೆಟರಿ. ಫ್ಯಾಟು, ಡಿಗ್ರಿ ಎಂಬ ಮಾತುಗಳನ್ನು ಅ ಆ ಇ ಈ ಕಲಿಯುವುದಕ್ಕೆ ಮೊದಲೇ ಕೇಳಿದವಳು ನಾನು. ಗಿರೀಶರಿಗೆ ಇಲ್ಲಿನ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿ ಬಂದಾಗ, ಮನೆಯಲ್ಲಿ ಕೂತು ಸೀರಿಯಲ್ ನೋಡುವುದು ನನ್ನಿಂದಾಗದು ಎಂದು ಈ ಕೆಲಸ ಹುಡುಕಿಕೊಂಡಿದ್ದೆ.

ನಮಗೆ ಹಾಲು ಬರುತ್ತಿದ್ದ ಜಾಗಗಳಲ್ಲಿ ಒಂದು, ಊರವರೆಲ್ಲ ಹಾಲು ತಂದು ಸೇರಿಸುತ್ತಿದ್ದ ಮ್ಜೇ ಎರ್ವಿನ್‌ರ ಅಂಗಳ. ನೈರೋಬಿಯಿಂದ ಶ್ರೀಮಂತರ ಬಡಾವಣೆ ರುಂಡಾದ ದೊಡ್ಡ ಗೇಟುಗಳನ್ನು ಒಂದು ಪಕ್ಕಕ್ಕೆ ಬಿಟ್ಟು ಮೇಲೆ ಮೇಲೆ ಹತ್ತಿದರೆ ಲಿಮುರು. ಅದನ್ನೂ ದಾಟಿ ಚಹಾ ತೋಟ ಮುಗಿಯುವಲ್ಲಿ ಅವರ ಎಂಟು ಎಕರೆ. ಚಳಿ ಎಂದರೆ ಮೂಳೆಗೆ ಇಳಿಯುವ ಚಳಿ. ಮೊದಲ ಸಲ ಹೋದಾಗ ಡ್ರೈವರ್ ಕಮಾವು, "ಒಬ್ಬ ಜರ್ಮನ್ ಪಾದ್ರಿ ಇದ್ದಾರೆ, ಅವರದೇ ಜಾಗ," ಎಂದಿದ್ದ. ನಾನು ಬಿಳಿ ಅಂಗಿಯ, ತೆಳ್ಳಗಿನ, ಮೆಲುದನಿಯ ಯಾರನ್ನೋ ಎದುರು ನೋಡುತ್ತಿದ್ದೆ. ಬಂದದ್ದು ಎಪ್ಪತ್ತು ದಾಟಿದ ಭಾರಿ ಆಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೆ ಉಲ್ಲನ್ ಟೋಪಿ, ಮೊಣಕೈವರೆಗೆ ಸಗಣಿ. ಹಸುವೊಂದು ಈಯುತ್ತಿತ್ತು, ಕರು ಅಡ್ಡ ಬಂದಿತ್ತು. ನನ್ನನ್ನು ನೋಡಿ ನಮಸ್ಕಾರ ಇಲ್ಲ, ಹೆಸರು ಕೇಳುವುದಿಲ್ಲ, "ಕೈ ಸಣ್ಣದಿದೆಯಲ್ಲ, ಬಾ ಇಲ್ಲಿ," ಎಂದರು. ಅರ್ಧ ಗಂಟೆಯ ಮೇಲೆ ನಾವಿಬ್ಬರೂ ಕರುವನ್ನು ಗೋಣಿಯಿಂದ ಒರೆಸುತ್ತಿದ್ದೆವು. ನಮ್ಮ ಮಾತೆಲ್ಲ ಇಂಗ್ಲಿಷು, ನಡುನಡುವೆ ಸ್ವಾಹಿಲಿ. ಆದರೂ ಅವರು ಆಡಿದ್ದೆಲ್ಲ ನನ್ನ ತಲೆಯಲ್ಲಿ ಕನ್ನಡವಾಗಿಯೇ ಉಳಿದಿದೆ.

"ನಾನು ಪಾದ್ರಿ ಅಲ್ಲ, ಮಾಮಾ ನಿಧಿ. ರೈತ. ಭಾನುವಾರ ಮಾತಾಡುವ ರೈತ," ಎನ್ನುತ್ತಿದ್ದರು. ಜರ್ಮನಿಯ ಯಾವುದೋ ಹಳ್ಳಿಯಿಂದ ಇಪ್ಪತ್ತೈದರ ಹರೆಯದಲ್ಲಿ, ಎರಡು ವರ್ಷ ಎತ್ತಿನ ಉಳುಮೆ ಕಲಿಸಿ ಹೋಗುತ್ತೇನೆಂದು ಬಂದವರು. ಎರಡು ವರ್ಷ ಮುಗಿಯುವಾಗ ಸಾಕಿದ ಹಸು ಗಬ್ಬವಾಗಿತ್ತಂತೆ, ಈದ ಮೇಲೆ ಹೋದರಾಯಿತು ಎಂದರಂತೆ. ಆಮೇಲೆ ಊರಿನ ತಗಡಿನ ಚರ್ಚಿಗೆ ಬರುತ್ತಿದ್ದ ಪಾದ್ರಿ ಕಾಯಿಲೆ ಬಿದ್ದು, ನಾಲ್ಕು ವಾರದ ಮಟ್ಟಿಗೆ ನೀವು ಓದಿ ಎಂದು ಜನ ಕೇಳಿದರಂತೆ. ನಾಲ್ಕು ವಾರ ನಲವತ್ತು ವರ್ಷವಾಯಿತು. ಹೆಂಡತಿಯನ್ನು ಅಲ್ಲೇ ಅವಕಾಡೊ ಮರದ ಕೆಳಗೆ ಮಣ್ಣು ಮಾಡಿದರು. ಈ ದೇಶದ ಪ್ರಜೆಯಾದರು. ಕಿಕುಯು ಭಾಷೆಯನ್ನು ಜರ್ಮನ್ ಗಂಟಲಿನಲ್ಲಿ ಆಡುತ್ತಿದ್ದರು, ಕೇಳಿದರೆ ಜಲ್ಲಿಕಲ್ಲು ಹೊರಳಿಸಿದ ಹಾಗಿರುತ್ತಿತ್ತು. ಊರವರಿಗೆ ಅವರು ಮ್ಜೇ, ಅಂದರೆ ಹಿರಿಯರು. ಅಷ್ಟೇ.

ಹಸುವಿಗೆ ಭಾನುವಾರ ಇಲ್ಲ, ಹಾಗಾಗಿ ನಮ್ಮ ಹಾಲಿನ ಗಾಡಿಗೂ ಇರಲಿಲ್ಲ. ಕೆಲವು ಭಾನುವಾರ ನಾನೂ ಗಾಡಿಯಲ್ಲಿ ಹೋಗಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕಮಾವು ಪಕ್ಕದಲ್ಲಿ ಕೂತು ಕಿವಿಯಲ್ಲಿ ಅರ್ಥ ಹೇಳುತ್ತಿದ್ದ. ನಾನು ಹೋಗುತ್ತಿದ್ದುದು ಭಕ್ತಿಯಿಂದಲ್ಲ, ನಮ್ಮ ಮನೆದೇವರೇ ನನಗೆ ಸಾಕು. ಆ ಮನುಷ್ಯ ಮಾತಾಡುವ ರೀತಿ ಹಿಡಿಸಿತ್ತು. ಯಾರ ಹಸು ಈದಿದೆ, ಯಾರ ಮನೆಯಲ್ಲಿ ಜ್ವರ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂದು ಕೇಳಿಯೇ ಶುರು. ದೇವರ ಮಾತು ಅದರ ಮಧ್ಯದಲ್ಲಿ ಎಲ್ಲೋ ಬರುತ್ತಿತ್ತು.

ಅವರ ಊರಿನಲ್ಲಿ ಒಂದು ಪದ್ಧತಿ. ಫೆಬ್ರುವರಿಯಲ್ಲಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಪ್ರತಿ ಮನೆಯವರೂ ಹೊಸ ಮುಸುಕಿನ ಜೋಳವನ್ನು ತಂದು ಚರ್ಚಿನ ಮೇಜಿನ ಮುಂದೆ ಸುರಿಯುತ್ತಾರೆ. ಹಾಡುತ್ತಾ, ಕುಣಿಯುತ್ತಾ ಬರುತ್ತಾರೆ. ಮುದುಕಿಯರು ತಲೆಯ ಮೇಲೆ ಡೆಬೆ ಹೊತ್ತಿರುತ್ತಾರೆ. ಡೆಬೆ ಅಂದರೆ ನಮ್ಮ ಎಣ್ಣೆ ಡಬ್ಬದಂಥ ತಗಡಿನ ಅಳತೆ. ಬೇರೆ ಚರ್ಚುಗಳಲ್ಲಿ ಆ ಜೋಳವನ್ನು ಹರಾಜು ಹಾಕುತ್ತಾರಂತೆ. ಮ್ಜೇ ಒಪ್ಪುತ್ತಿರಲಿಲ್ಲ. ದೇವರಿಗೆ ಕೊಟ್ಟದ್ದನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ, ಇಲ್ಲದವರಿಗೆ ಕೊಡಬೇಕು. ಅದನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ತುಂಬಿಸಿಟ್ಟು, ವರ್ಷವಿಡೀ ವಿಧವೆಯರ ಮನೆಗಳಿಗೆ ತಾವೇ ಅಳೆದು ಕೊಡುತ್ತಿದ್ದರು.

ಆ ವರ್ಷ ಅರ್ಪಣೆಯ ವಾರವೇ ಅಕಾಲ ಮಳೆ ಬಂತು. ಜೋಳ ಸರಿಯಾಗಿ ಒಣಗಿರಲಿಲ್ಲ. ಆದರೆ ದೇವರ ಮುಂದೆ ತಂದದ್ದನ್ನು ವಾಪಸ್ ಒಯ್ದು ಒಣಗಿಸಿ ತಾ ಎನ್ನುವುದು ಹೇಗೆ? ಯಾರೂ ಹೇಳಲಿಲ್ಲ. ಹಾಗೇ ಒಳಗೆ ಹೋಯಿತು. ಮಾರ್ಚ್ ಕೊನೆಗೆ ದೊಡ್ಡ ಮಳೆ ಹಿಡಿಯುವಷ್ಟರಲ್ಲಿ ಕೋಣೆಯ ಮೂಲೆಯ ಜೋಳ ಬೂಷ್ಟು ಹಿಡಿದಿತ್ತು. ಮನುಷ್ಯರು ತಿನ್ನಲು ಬಾರದ್ದನ್ನು ಮ್ಜೇ ಬೇರೆ ಮಾಡಿದರು. ಎಸೆಯಲು ಕೈ ಬರಲಿಲ್ಲ. ಒಡೆಸಿ ನುಚ್ಚು ಮಾಡಿಸಿ ವಿಧವೆಯರ ಹಸುಗಳಿಗೆ ಹಂಚಿದರು, ತಮ್ಮವಕ್ಕೂ ಹಾಕಿದರು. ಹಸುವಿನ ಹೊಟ್ಟೆ ಎಲ್ಲವನ್ನೂ ಅರಗಿಸುತ್ತದೆ ಎಂದು ನಂಬಿದವರು ಅವರೊಬ್ಬರೇ ಅಲ್ಲ, ನಮ್ಮೂರಿನಲ್ಲೂ ಎಲ್ಲರೂ ನಂಬುತ್ತಾರೆ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನನಗೆ ಮೊದಲು ಕಂಡದ್ದು ಹಾಲಿಗೆ ಅದ್ದಿ ನೋಡುವ ಪರೀಕ್ಷೆಯ ಪಟ್ಟಿಯ ಮೇಲಿನ ಗೆರೆ. ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಹಸು ತಿಂದರೆ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ, ಸದ್ದಿಲ್ಲದೆ ಪಿತ್ತಜನಕಾಂಗವನ್ನು ಹಿಡಿಯುತ್ತದೆ. ಏಪ್ರಿಲ್‌ನ ಒಂದು ಸೋಮವಾರ ಮ್ಜೇ ಅಂಗಳದ ಹಾಲಿನಲ್ಲಿ ಅದು ಕಾಣಿಸಿತು. ಪಟ್ಟಿಯೇ ಸರಿಯಿಲ್ಲ ಎಂದುಕೊಂಡು ಮತ್ತೊಂದು ಹಾಕಿದೆ. ಅದೂ ಹಾಗೇ. ಹೊರಗಿನ ಲ್ಯಾಬಿಗೆ ಮಾದರಿ ಕಳಿಸಿದೆ, ಉತ್ತರಕ್ಕೆ ವಾರ ಬೇಕು ಎಂದರು. ಅಲ್ಲಿಯವರೆಗೆ ಏನು ಮಾಡುವುದು?

ಇಲ್ಲಿ ನಮ್ಮಪ್ಪನ ಕತೆ ಹೇಳಬೇಕು. ಹಾಲಿಗೆ ನೀರು ಬೆರೆಸಿ ತಂದವರನ್ನು ಅಪ್ಪ ಸಾಲಿನಲ್ಲಿ ನಿಂತ ಜನರೆದುರು ಒಂದು ದಿನವೂ ಹಿಡಿದು ಕೇಳಿದವರಲ್ಲ. ಲ್ಯಾಕ್ಟೋಮೀಟರ್ ಮುಳುಗಿದ್ದನ್ನು ನೋಡಿಯೂ ನೋಡದವರಂತೆ, "ಇವತ್ತು ಕ್ಯಾನ್ ತುಂಬೋಯ್ತು ಕಣಕ್ಕ, ನಾಳಿಕ್ ತಗಬಾ," ಎನ್ನುತ್ತಿದ್ದರು. ಆ ಅಕ್ಕನಿಗೆ ಅರ್ಥವಾಗುತ್ತಿತ್ತು. ಮಾರನೆಯ ದಿನ ಸರಿಯಾದ ಹಾಲು ಬರುತ್ತಿತ್ತು. ಯಾರ ಮಾನವೂ ಹೋಗುತ್ತಿರಲಿಲ್ಲ. ಜಗಳಗಂಟಿಯಾದ ನನಗೆ ಅಪ್ಪನ ಈ ನಯದ ಮೇಲೆ ಬಹಳ ಗೌರವ. ಅಂಥ ಮ್ಜೇಗೆ, ಅವರ ಜನರ ಎದುರು, ನಿಮ್ಮ ಹಾಲಿನಲ್ಲಿ ವಿಷ ಇದೆ ಎಂದು ಹೇಳುವುದೇ? ಲ್ಯಾಬಿನ ಉತ್ತರ ಬರಲಿ, ಆಮೇಲೆ ಅವರೊಬ್ಬರನ್ನೇ ಕರೆದು ಹೇಳಿದರಾಯಿತು ಎಂದುಕೊಂಡೆ. ಕಮಾವುಗೆ, "ನಮ್ಮ ಕೂಲರ್ ಕೆಟ್ಟಿದೆ, ಒಂದು ವಾರ ಮ್ಜೇ ಕಡೆ ಗಾಡಿ ಬರಲ್ಲ ಅಂತ ಹೇಳಿ ಬಾ," ಎಂದು ಕಳಿಸಿದೆ. ಹಾಲು ತಣ್ಣಗಿಡುವ ಆ ಕೂಲರ್ ಅವನ ಕಣ್ಣೆದುರೇ ಗುಂಯ್‌ಗುಡುತ್ತಿತ್ತು. ಅವನು ನನ್ನ ಮುಖ ನೋಡಿದ, "ಸವಾ, ಮಾಮಾ," ಆಯಿತು ಎಂದ, ಹೋದ. ನಾನು ಜಾಣತನ ಮಾಡಿದೆ ಎಂದೇ ಅಂದುಕೊಂಡಿದ್ದೆ. ಅವತ್ತು ಊಟವೂ ರುಚಿಯಾಗಿ ಸೇರಿತು.

ಎಂಟನೇ ದಿನ ಲ್ಯಾಬಿನ ಕಾಗದ ಬಂತು. ಅನುಮಾನವೇ ಇಲ್ಲ, ಮಿತಿಗಿಂತ ಬಹಳ ಹೆಚ್ಚು. ಮಳೆಯಲ್ಲಿ ಲಿಮುರು ಹತ್ತಿ ಹೋದೆ. ಅಂಗಳದಲ್ಲಿ ಮ್ಜೇ ಇರಲಿಲ್ಲ. ಚರ್ಚಿನ ಜಗುಲಿಯಲ್ಲಿ ಅವರು ನಡೆಸುತ್ತಿದ್ದ ಶಿಶುವಿಹಾರದ ಮಕ್ಕಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಲೋಟ, ಮೂಗಿನ ಕೆಳಗೆ ಬಿಳಿ ಮೀಸೆ. ಮಾಮಾ ವಾಂಜಿಕು ದೊಡ್ಡ ಪಾತ್ರೆಯಿಂದ ಬಿಸಿ ಹಾಲು ಬಗ್ಗಿಸುತ್ತಿದ್ದಳು. ಅವಳ ಮೊಮ್ಮಗಳು ವಾಂಬೂಯಿ, ನಾಲ್ಕು ವರ್ಷದವಳು, ಎರಡನೇ ಲೋಟಕ್ಕೆ ಕೈ ಚಾಚಿದ್ದಳು.

"ಕರಿಬು, ಮಾಮಾ ನಿಧಿ, ಬಾ ಬಾ!" ವಾಂಜಿಕು ನನ್ನನ್ನು ಕಂಡು ಬಾಯಿ ತುಂಬಾ ನಕ್ಕಳು. "ನಿಮ್ಮ ಕೂಲರ್ ಕೆಟ್ಟದ್ದು ನಮ್ಮ ಪುಣ್ಯ. ಮಾರುವ ಹಾಲೆಲ್ಲ ಮನೆಯಲ್ಲೇ ಉಳಿಯಿತು. ಎಂಟು ದಿನದಿಂದ ಮಕ್ಕಳು ಹೊಟ್ಟೆ ತುಂಬ ಕುಡಿಯುತ್ತಿವೆ. ಇವಳ ಕೆನ್ನೆ ನೋಡು! ಪ್ರತಿ ವರ್ಷ ಕೆಡಲಿ ನಿಮ್ಮ ಕೂಲರ್!"

ನಾನು ನಿಂತಲ್ಲೇ ನಿಂತೆ. ಗಾಡಿ ಬರದಿದ್ದರೆ ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ ಎಂಬುದು ಡೈರಿ ಸೆಕ್ರೆಟರಿಯ ಮಗಳಿಗೆ ಹೊಳೆಯಲಿಲ್ಲವೇ? ಹೊಳೆಯಲಿಲ್ಲ. ಅಪ್ಪ ವಾಪಸ್ ಕಳಿಸುತ್ತಿದ್ದುದು ನೀರು ಬೆರೆತ ಹಾಲು, ಮನೆಯಲ್ಲಿ ಕುಡಿದರೆ ಏನೂ ಆಗುತ್ತಿರಲಿಲ್ಲ. ನಾನು ವಾಪಸ್ ಕಳಿಸಿದ್ದು ಇದನ್ನು. ಪಟ್ಟಣದವರ ಮೊಸರನ್ನು ಕಾಪಾಡಿ, ಈ ಕೂಸುಗಳಿಗೆ ಕುಡಿಸಿದ್ದೆ.

ಲೋಟ ಕಿತ್ತುಕೊಳ್ಳುವಷ್ಟು ಧೈರ್ಯ ಬರಲಿಲ್ಲ. ಮ್ಜೇ ಎಲ್ಲಿ ಎಂದು ಮಾತ್ರ ಕೇಳಿದೆ. ಹಿಂದಿನ ಕೋಣೆಯಲ್ಲಿದ್ದರು. ಬಾಗಿಲು ತೆರೆಯುತ್ತಲೇ ಆ ಮುಗ್ಗಲು ವಾಸನೆ ಬಂತು. ಒಂದು ಹಿಡಿ ಜೋಳ ಎತ್ತಿ ಬೆಳಕಿಗೆ ಹಿಡಿದೆ. ಬೂದು, ಹಸಿರು, ಒಡೆದ ಕಾಳು. ಕಾಗದ ತೋರಿಸಿ ಎಲ್ಲವನ್ನೂ ಹೇಳಿದೆ. ಪಟ್ಟಿಯ ಗೆರೆ, ಕೂಲರಿನ ಸುಳ್ಳು, ಎಂಟು ದಿನ, ಜಗುಲಿಯ ಮಕ್ಕಳು, ಒಂದನ್ನೂ ಬಿಡಲಿಲ್ಲ. ಅವರು ಚೀಲಗಳ ಮೇಲೆ ಕೂತರು. ಅಷ್ಟು ದೊಡ್ಡ ದೇಹ ಕುಗ್ಗಿದ್ದನ್ನು ನಾನು ಅವತ್ತೇ ನೋಡಿದ್ದು. "ಇದು ದೇವರ ಜೋಳ, ಎಸೆಯಲು ಮನಸ್ಸು ಬರಲಿಲ್ಲ," ಎಂದರು. ನಂತರ ಥಟ್ಟನೆ ಎದ್ದು ಹೊರಗೆ ಹೋಗಿ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಮಳೆಯ ನೀರಿಗೆ ಸುರಿದರು. ವಾಂಜಿಕು ಕಿರುಚಿದಳು. ಮಕ್ಕಳು ಅಳತೊಡಗಿದವು. "ಭಾನುವಾರ ಹೇಳುತ್ತೇನೆ. ಅಲ್ಲಿಯವರೆಗೆ ಯಾರ ಮನೆಯಲ್ಲೂ ಹಾಲು ಕುಡಿಯಬೇಡಿ," ಎಂದಷ್ಟೇ ಹೇಳಿದರು. ಅವತ್ತು ಮಧ್ಯಾಹ್ನವೇ ಮನೆ ಮನೆಗೆ ಹೋಗಿ ನುಚ್ಚನ್ನೆಲ್ಲ ವಾಪಸ್ ತಂದರು.

ಹೊರಡುವಾಗ ನಾನು ಹಲ್ಲು ಕಚ್ಚಿ ಒಂದು ಮಾತು ಹೇಳಿದೆ. "ಮ್ಜೇ, ಭಾನುವಾರ ಎಲ್ಲರೆದುರು ಹೇಳಲೇಬೇಕಾ? ಮೇವು ಬದಲಾಯಿಸಿದರೆ ಕೆಲವೇ ದಿನದಲ್ಲಿ ಹಾಲು ಶುದ್ಧವಾಗುತ್ತದೆ. ಸುಮ್ಮನೆ ಹೆದರಿಸುವುದು ಯಾಕೆ?" ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಕಣ್ಣು ಕೆಳಗೆ ಹಾಕಿದೆ. ಅವರಿಗಾಗಿ ಆ ಮಾತಾಡಿದೆನೋ ನನಗಾಗಿಯೋ ಎಂದು ಅವರಿಗೂ ಗೊತ್ತಿತ್ತು, ನನಗೂ.

ಕಾರ್ಖಾನೆಯಲ್ಲಿ ವರದಿ ಕೊಟ್ಟೆ. ಕೆಟ್ಟ ಹಾಲು ಒಂದು ತೊಟ್ಟೂ ನಮ್ಮ ಟ್ಯಾಂಕಿಗೆ ಬಂದಿಲ್ಲ ಎಂದು ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು, "ಗುಡ್ ವರ್ಕ್," ಎಂದರು. ಮನೆಗೆ ಬಂದು ಗಿರೀಶರೆದುರು ಅತ್ತೆ.

"ಅವ್ರು ಭಾನುವಾರ ಹೇಳ್ತಾರೆ. ನಾನೂ ಎದ್ದು ಹೇಳಿಬಿಡ್ತೀನಿ ರೀ."

"ಹೇಳಿ ಏನಾಗ್ಬೇಕು ಈಗ? ಕುಡಿದಿದ್ದು ವಾಪಸ್ ಬರುತ್ತಾ?" ಅವರು ಮೆತ್ತಗೇ ಹೇಳಿದರು. "ಪೊಲೀಸು ಗಿಲೀಸು ಅಂತ ಆದ್ರೆ ನಿನ್ನ ಪರ್ಮಿಟ್ಟು, ನನ್ನ ಪರ್ಮಿಟ್ಟು, ನಿಧಿ ಸ್ಕೂಲು, ಎಲ್ಲಾ ಎಕ್ಕುಟ್ಟೋಗುತ್ತೆ. ಸ್ವಲ್ಪ ಯೋಚ್ನೆ ಮಾಡು."

ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಅವರು ಆಡಿದ್ದು.

ಆ ಭಾನುವಾರ ಚರ್ಚು ತುಂಬಿತ್ತು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಫೆಬ್ರುವರಿಯಲ್ಲಿ ಜೋಳ ಸುರಿದಿದ್ದ ಅದೇ ಮೇಜಿನ ಮೇಲೆ ಮ್ಜೇ ಒಂದು ಡೆಬೆ ಬೂಷ್ಟು ಹಿಡಿದ ಜೋಳ ಇಟ್ಟಿದ್ದರು. ಯಾರ ಹಸು ಈದಿದೆ ಎಂದು ಅವತ್ತು ಕೇಳಲಿಲ್ಲ. ಕಮಾವು ನನ್ನ ಕಿವಿಯಲ್ಲಿ ಒಂದೊಂದೇ ವಾಕ್ಯ ಹೇಳುತ್ತಾ ಹೋದ.

"ಈ ಜೋಳ ನೀವು ದೇವರಿಗೆ ಕೊಟ್ಟಿರಿ. ನೋಡಿಕೋ ಎಂದು ದೇವರು ನನಗೆ ಕೊಟ್ಟ. ನಾನು ಕೊಳೆಸಿದೆ. ಕೊಳೆತದ್ದನ್ನು ನಿಮ್ಮ ಹಸುಗಳಿಗೆ ಕೊಟ್ಟೆ. ಹಸುಗಳು ನಿಮ್ಮ ಮಕ್ಕಳಿಗೆ ಕೊಟ್ಟವು. ಹಾಲಿನಲ್ಲಿ ವಿಷ ಇತ್ತು. ಅದರಿಂದ ಏನಾಗುತ್ತದೆ, ಯಾವಾಗ ಆಗುತ್ತದೆ, ಆಗುತ್ತದೋ ಇಲ್ಲವೋ, ಅದನ್ನು ಹೇಳಲು ನನಗೆ ಬರುವುದಿಲ್ಲ. ನಲವತ್ತು ವರ್ಷ ಇಲ್ಲಿ ನಿಂತು ನಿಮಗೆ ಬುದ್ಧಿ ಹೇಳಿದವನು ನಾನು."

ಮುಂದಿನ ಸಾಲಿನಲ್ಲಿ ವಾಂಜಿಕು ಎದ್ದು ನಿಂತಳು. ತಲೆಯ ವಸ್ತ್ರ ಕೈಗೆ ಬಂದಿತ್ತು.

"ಎಂಟು ದಿನ ಹಾಲಿನ ಗಾಡಿ ಬರಲಿಲ್ಲವಲ್ಲ, ಮ್ಜೇ. ಯಾಕೆ ಬರಲಿಲ್ಲ?"

ಕಮಾವು ಅರ್ಥ ಹೇಳುವುದನ್ನು ನಿಲ್ಲಿಸಿದ. ಹೇಳುವ ಅಗತ್ಯವೂ ಇರಲಿಲ್ಲ, ಅಷ್ಟು ಕಿಕುಯು ನನಗೂ ತಿಳಿಯುತ್ತಿತ್ತು. ಮ್ಜೇ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ಕಿಟಕಿಯ ಕಡೆ ತಿರುಗಿದರು.

"ಅದಕ್ಕೂ ನನ್ನ ಜೋಳವೇ ಕಾರಣ," ಎಂದರು.

ಸುಳ್ಳಲ್ಲ. ಆದರೆ ಕೂತವರೆಲ್ಲ ಬೇರೆಯೇ ಅರ್ಥ ಮಾಡಿಕೊಂಡರು. ಮ್ಜೇಗೆ ಎಂಟು ದಿನ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು, ಗೊತ್ತಿದ್ದೂ ಮಕ್ಕಳಿಗೆ ಕುಡಿಯಲು ಬಿಟ್ಟರು ಎಂದು. ಅರಿಯದೆ ಆದ ತಪ್ಪನ್ನು ಜನ ಮನ್ನಿಸುತ್ತಿದ್ದರೇನೋ. ಇದನ್ನು ಹೇಗೆ ಮನ್ನಿಸುತ್ತಾರೆ? ವಾಂಜಿಕು ಬಾಯಿಗೆ ವಸ್ತ್ರ ಒತ್ತಿಕೊಂಡು ನಡೆದುಬಿಟ್ಟಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಬೆಂಚುಗಳು ಖಾಲಿಯಾದವು. ಕಮಾವು ನನ್ನನ್ನೇ ನೋಡುತ್ತಿದ್ದ. ಮೂರೇ ಮಾತು, "ಗಾಡಿ ನಿಲ್ಲಿಸಿದವಳು ನಾನು," ಅಷ್ಟು ಸಾಕಿತ್ತು. ಸಂತೆಯಲ್ಲಿ ಸೊಪ್ಪಿನವಳ ಜೊತೆ ಗಂಟೆಗಟ್ಟಲೆ ವಾದ ಮಾಡುವ ನನ್ನ ಬಾಯಿ ಅವತ್ತು ಹೊಲಿದಂತಾಯಿತು. ನಾನು ಹೇಡಿ. ಬೇರೆ ಮಾತಿಲ್ಲ ಅದಕ್ಕೆ.

ಆಮೇಲೆ ಮ್ಜೇ ಚರ್ಚಿನ ಮುಂದೆ ಆ ಜೋಳವನ್ನೆಲ್ಲ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಮಳೆಗೆ ಬೆಂಕಿ ಹಿಡಿಯದೆ ಮೂರು ಸಲ ಹಚ್ಚಬೇಕಾಯಿತು. ಆ ಹೊಗೆ ವಾರವಾದರೂ ನನ್ನ ಸ್ವೆಟರಿನಿಂದ ಹೋಗಲಿಲ್ಲ. ತಮ್ಮ ಎರಡು ಹೋರಿ ಮಾರಿ ಎಲ್ಲರ ಹಸುಗಳಿಗೂ ಒಳ್ಳೆಯ ಮೇವು ತರಿಸಿದರು. ಪಟ್ಟಿಯಲ್ಲಿ ಗೆರೆ ಸರಿಯಾಗುವವರೆಗೆ ಪ್ರತಿ ಬೆಳಿಗ್ಗೆ ಎಲ್ಲರ ಹಾಲನ್ನೂ ತಾವೇ ಗುಂಡಿಗೆ ಸುರಿಯುತ್ತಿದ್ದರು. ಮುಂದಿನ ಭಾನುವಾರ ಚರ್ಚಿಗೆ ಬಂದವರು ಹನ್ನೊಂದು ಜನ. ಅವರ ಮುಂದೆಯೂ ಮ್ಜೇ ನಿಂತು ಅದೇ ಗಂಟಲಿನಲ್ಲಿ, ಯಾರ ಮನೆಯಲ್ಲಿ ಜ್ವರ ಎಂದು ಕೇಳಿದರು.

ಮೇ ಕೊನೆಗೆ ಮಳೆ ಹಿಂದೆಗೆಯಿತು. ಒಂದು ದಿನ ಗಾಜಿನ ಬಾಟಲಿ ಮತ್ತು ಉಪ್ಪಿನ ಪೊಟ್ಟಣ ತೆಗೆದುಕೊಂಡು ಅವರ ಬಳಿಗೆ ಹೋದೆ. ಒಣಗಿದ ಬಾಟಲಿಗೆ ಒಂದೆರಡು ಹಿಡಿ ಜೋಳ, ನಾಲ್ಕು ಚಮಚ ಒಣ ಉಪ್ಪು. ಬಿರಡೆ ಹಾಕಿ ಅಲ್ಲಾಡಿಸಿ ಕಾಲು ಗಂಟೆ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ; ಉದುರಿ ಕೆಳಗೆ ಬಿದ್ದರೆ ಒಣಗಿದೆ. ಯಂತ್ರ ಬೇಡ, ಕರೆಂಟು ಬೇಡ. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನು ಮೇಲೆ ದೇವರ ಜೋಳಕ್ಕೂ ಪರೀಕ್ಷೆ. ಒದ್ದೆ ಇದ್ದರೆ ವಾಪಸ್, ಒಣಗಿಸಿ ತನ್ನಿ," ಎಂದರು.

ಆಗ ಕೇಳಿಯೇಬಿಟ್ಟೆ. "ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?"

ಅವಕಾಡೊ ಮರದ ಕೆಳಗೆ, ಹೆಂಡತಿಯ ಕಲ್ಲಿನ ಪಕ್ಕ ಕೂತಿದ್ದೆವು. "ನನ್ನ ತಪ್ಪು ನಾನು ಹೇಳಿದೆ," ಎಂದರು. "ನಿನ್ನದನ್ನು ಹೇಳುವುದಕ್ಕೆ ನಾನು ಯಾರು? ಅದು ನಿನ್ನ ಹತ್ತಿರವೇ ಇದೆ. ಯಾವಾಗ ಬೇಕಾದರೂ ಹೇಳಬಹುದು."

"ಅಷ್ಟರಲ್ಲಿ ಜನ ನಿಮ್ಮನ್ನು..."

"ಹೌದು," ಎಂದರು. "ಕಷ್ಟವಾಗುತ್ತದೆ."

ಅಷ್ಟೇ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ವರ್ಷ ತಿರುಗುವಾಗ ವಾಂಜಿಕು ಮತ್ತೆ ಚರ್ಚಿಗೆ ಬರತೊಡಗಿದಳು, ನಿಧಾನವಾಗಿ ಉಳಿದವರೂ. ಮಕ್ಕಳಲ್ಲಿ ಯಾರಿಗೂ ಏನೂ ಆದದ್ದು ಕಾಣಲಿಲ್ಲ. ಹಿಂದಿನ ಪ್ರೀತಿ ಮಾತ್ರ ಪೂರ್ತಿ ಮರಳಲಿಲ್ಲ ಎಂದು ಕಮಾವು ಹೇಳುತ್ತಿದ್ದ. ಮುದುಕರು ಮ್ಜೇ ಕೈ ಕುಲುಕುವಾಗ ಮುಖ ನೋಡುತ್ತಿರಲಿಲ್ಲವಂತೆ. ನಮ್ಮ ಕಾರ್ಖಾನೆ ಮುಚ್ಚಿತು. ನಾನು ಅಪ್ಪರ್ ಹಿಲ್‌ನಲ್ಲಿ, ರೈತರಿಗೆ ಧಾನ್ಯ ಕೆಡದಂತೆ ಇಡುವುದನ್ನು ಕಲಿಸುವ ಸಂಸ್ಥೆಯೊಂದಕ್ಕೆ ಸೇರಿದೆ. ಊರೂರಿಗೆ ಹೋಗಿ ಉಪ್ಪಿನ ಬಾಟಲಿ ತೋರಿಸಿದೆ. ತೋರಿಸುವಾಗ, "ಒಬ್ಬ ಪಾದ್ರಿ ಇದ್ದರು, ದೇವರ ಜೋಳ ಎಸೆಯಲಾರದೆ ಹಸುಗಳಿಗೆ ಹಾಕಿದರು," ಎಂದು ಕತೆ ಹೇಳುತ್ತಿದ್ದೆ. ಜನ ಅಯ್ಯೋ ಎನ್ನುತ್ತಿದ್ದರು. ಗಾಡಿ ನಿಲ್ಲಿಸಿದವಳ ಕತೆಯನ್ನು ಎಲ್ಲಿಯೂ ಹೇಳಲಿಲ್ಲ. ಆರು ವರ್ಷ.

ಶನಿವಾರ ನಾವು ಮೂವರೂ ಹೋದೆವು. ದಾರಿಯುದ್ದಕ್ಕೂ ಸ್ವಾಹಿಲಿಯಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಗಿರೀಶ್ ಗಾಡಿ ಓಡಿಸುತ್ತಾ, "ಹೇಳ್ತೀಯಾ?" ಎಂದರು. "ಹೇಳ್ತೀನಿ," ಎಂದೆ. "ಹೇಳು," ಎಂದರು. ಪರ್ಮಿಟ್ಟಿನ ಮಾತು ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಹದಿನೈದರ ನಿಧಿ ಕಿವಿಯಿಂದ ಇಯರ್‌ಫೋನ್ ತೆಗೆದು ನಮ್ಮಿಬ್ಬರನ್ನೂ ನೋಡಿದಳು.

ಅವಕಾಡೊ ಮರದ ಕೆಳಗೆ, ಹೆಂಡತಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ತುಂತುರು ಮಳೆ. ಚರ್ಚಿನ ಮೇಜನ್ನು ಹೊರಗೆ ತಂದು ತಾರ್ಪಾಲಿನ ಕೆಳಗೆ ಇಟ್ಟಿದ್ದರು. ಅದರ ಮೇಲೆ ಅವರ ಹಳೆಯ ಬೈಬಲ್, ಪಕ್ಕದಲ್ಲಿ ನಾನು ಕೊಟ್ಟಿದ್ದ ಬಾಟಲಿ. ನನ್ನ ಹೆಸರು ಕರೆದರು. ಎದ್ದು ನಿಂತೆ. ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲಿಗೋ ಹೋದವು.

"ಎಂಟು ದಿನ ಮ್ಜೇಗೆ ಗೊತ್ತಿರಲಿಲ್ಲ," ಎಂದೆ. "ನನಗೆ ಗೊತ್ತಿತ್ತು. ಕೂಲರ್ ಕೆಟ್ಟಿರಲಿಲ್ಲ. ಗಾಡಿ ನಿಲ್ಲಿಸಿದವಳು ನಾನು. ಯಾಕೆಂದು ನಿಮಗೆ ಹೇಳಲಿಲ್ಲ. ನಿಮ್ಮ ಮಕ್ಕಳು ಕುಡಿದರು. ಗೊತ್ತಾದ ಗಳಿಗೆಯಲ್ಲೇ ಮ್ಜೇ ಪಾತ್ರೆ ಎತ್ತಿ ಸುರಿದರು. ಉಳಿದದ್ದೆಲ್ಲ ನನ್ನದು. ಅವರು ಹೊತ್ತರು, ನಾನು ಹೊರಲು ಬಿಟ್ಟೆ."

ಇನ್ನೂ ಏನೋ ಹೇಳಬೇಕೆಂದಿದ್ದೆ, ಕ್ಷಮೆ ಕೇಳಬೇಕೆಂದಿದ್ದೆ. ಹೋ ಎಂದು ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲಿಲ್ಲ. ಕೈ ಕುಲುಕುವಾಗ ಮುಖ ನೋಡದಿದ್ದ ಮುದುಕರು ಟೋಪಿ ತೆಗೆದು ಶವಪೆಟ್ಟಿಗೆಯ ಕಡೆ ತಿರುಗಿ ನಿಂತರು. ಒಬ್ಬರು ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಕೈ ಇಟ್ಟು ಏನೋ ಹೇಳಿಕೊಂಡರು. ಕಮಾವು ತಲೆ ತಗ್ಗಿಸಿದ್ದ. ನಿಧಿ ಬಂದು ನನ್ನ ಕೈ ಹಿಡಿದಳು.

ಮಣ್ಣು ಮುಚ್ಚಿದ ಮೇಲೆ ಜನ ಜೋಳ ಹಿಡಿದು ಮೇಜಿನ ಮುಂದೆ ಸಾಲು ನಿಂತರು. ಈಗ ಅರ್ಪಣೆಯ ಜೋಳ ಪರೀಕ್ಷೆ ಮಾಡುವವಳು ಮಾಮಾ ವಾಂಜಿಕು. ಅವತ್ತು ಎಲ್ಲರದೂ ಒಂದೊಂದು ಹಿಡಿ, ಎಲ್ಲರೂ ಮೊದಲೇ ಒಣಗಿಸಿ ತಂದದ್ದು. ಕೈಯಲ್ಲಿ ಉಜ್ಜಿ ನೋಡಿ ಮೇಜಿನ ಮುಂದಿನ ಡೆಬೆಗೆ ಹಾಕಲು ಬಿಡುತ್ತಿದ್ದಳು. ನನ್ನ ಸರದಿ ಬಂತು. ಕಿಲಿಮಾನಿಯ ಅಂಗಡಿಯಿಂದ ತಂದ ಜೋಳವನ್ನು ಎರಡು ದಿನ ಬಾಲ್ಕನಿಯಲ್ಲಿ ಬಿಸಿಲು ಬಂದಾಗ ಹರವಿ, ಮಳೆ ಬಂದಾಗ ಒಳಗೆ ತಂದು ಒಣಗಿಸಿದ್ದೆ. ಅವಳು ನನ್ನ ಹಿಡಿಯನ್ನು ಉಜ್ಜಿ ನೋಡಲಿಲ್ಲ. ಬಾಟಲಿ ತೆಗೆದು ಅದರಲ್ಲಿ ಸುರಿದಳು. ನಾಲ್ಕು ಚಮಚ ಉಪ್ಪು ಹಾಕಿ, ಬಿರಡೆ ಒತ್ತಿ ಅಲ್ಲಾಡಿಸಿ, ಮೇಜಿನ ಮೇಲೆ ಇಟ್ಟಳು.

"ಎಂಟು ದಿನ?" ಎಂದಳು.

"ಎಂಟು."

"ವಾಂಬೂಯಿಗೆ ಆಗ ನಾಲ್ಕು ವರ್ಷ. ಈಗ ಹತ್ತು. ಅವಳಿಗೆ ಹೊಟ್ಟೆನೋವು ಬಂದಾಗಲೆಲ್ಲ ನಾನು ಮ್ಜೇಯನ್ನು ಶಪಿಸಿದೆ."

ಸಾಲು ಹಿಂದೆ ಕಾಯುತ್ತಿತ್ತು, ಯಾರೂ ಅವಸರ ಮಾಡಲಿಲ್ಲ. ಕಾಲು ಗಂಟೆ ನಾವಿಬ್ಬರೂ ಎದುರುಬದುರು ನಿಂತು ಆ ಬಾಟಲಿಯನ್ನೇ ನೋಡಿದೆವು. ಆಮೇಲೆ ಅವಳು ಅದನ್ನೆತ್ತಿ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದಳು. ಉಪ್ಪು ಗಾಜಿನಿಂದ ಉದುರಿ ಕಾಳಿನ ನಡುವೆ ಇಳಿಯಿತು.

ಬಿರಡೆ ತೆಗೆದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

"ಒಣಗಿದೆ," ಎಂದಳು. "ನೀನೇ ಹಾಕು."